ಅಧಿಕ ಮಾಸದ ಅಳಿಯ

ಮಾಳಮಡ್ಡಿ, ಧಾರವಾಡ
೧೪ ಏಪ್ರಿಲ್ ೨೦೨೬

ಚಿ. ಸೌ. ವೇಣಿಗೆ ವನಜಕ್ಕನ ಆಶೀರ್ವಾದ, ಜೊತೆಗೆ ಒಂದು ಬೈಗುಳ.

ಬೈಗುಳ ಏಕೆಂದರೆ ನೀನು ಮತ್ತೆ ಹೇಮಲತಾಳ ಫೋನಿಗೆ ಫೋನ್ ಮಾಡಿದ್ದೆ. ನನ್ನ ಕಿವಿ ಹೋಗಿ ಎರಡು ವರ್ಷವಾಯಿತು. ನೀನು ನಾಗಪುರದಿಂದ ಕೂಗುವುದು, ನಾನು ಇಲ್ಲಿ "ಹಾಂ? ಹಾಂ?" ಅನ್ನುವುದು, ನಡುವೆ ನನ್ನ ಸೊಸೆ ತನಗೆ ತಿಳಿದಷ್ಟನ್ನು ಕೈಸನ್ನೆ ಮಾಡಿ ತೋರಿಸುವುದು, ಇದೆಲ್ಲ ಬೇಡ ಮಾರಾಯಳೆ. ನಿನಗೆ ಅಕ್ಷರ ತಿದ್ದಿಸಿದವಳು ನಾನು. ಪತ್ರ ಬರೆ. ಓದುವಾಗ ನೀನು ಎದುರಿಗೆ ಕೂತ ಹಾಗೆ ಆಗುತ್ತದೆ, ನಡುವೆ ಬಾಯಿ ಹಾಕುವವರೂ ಇರುವುದಿಲ್ಲ.

ಈಗ ವಿಷಯ. ಈ ವರ್ಷ ಅಧಿಕ ಜ್ಯೇಷ್ಠ ಬಂದಿದೆ. ಮೇ ಹದಿನೇಳಕ್ಕೆ ಸುರು, ಜೂನ್ ಹದಿನೈದಕ್ಕೆ ಮುಗಿಯುತ್ತದೆ. ಅಳಿಯನನ್ನು ನಾರಾಯಣನೆಂದು ಮಣೆಯ ಮೇಲೆ ಕೂರಿಸಿ, ಬೆಳ್ಳಿ ತಟ್ಟೆಯಲ್ಲಿ ತುಪ್ಪದಲ್ಲಿ ಕರಿದ ಮೂವತ್ತಮೂರು ಅನಾರಸ ಇಟ್ಟು, ದೀಪದ ಜೊತೆ ದಾನ ಕೊಡಬೇಕು. ಹಿಂದಿನ ಅಧಿಕ ಮಾಸಕ್ಕೆ ನಿನ್ನ ಭಾವ ಇದ್ದರು, ಇಬ್ಬರೂ ಕೂತು ಕೊಟ್ಟೆವು. ಈಗ ನಾನೊಬ್ಬಳೇ ಕೊಡುವ ಹಾಗಿಲ್ಲ. ನೀನೂ ಉಮಾಕಾಂತರೂ ದಂಪತಿಗಳಿದ್ದೀರಿ, ಮಗಳು ಅಳಿಯ ಇರುವ ಊರಲ್ಲೇ ಇದ್ದೀರಿ. ಚಾರುಲತಾ ನನ್ನ ಹೊಟ್ಟೆಯ ಮಗಳಾದರೂ ಕಾಲೇಜು ಮುಗಿಯುವವರೆಗೆ ನಿನ್ನ ಮನೆಯ ಅನ್ನ ಉಂಡವಳು. ಕನ್ನಡ ಸಂಘದ ಊಟದಲ್ಲಿ ವಿಜಯೇಂದ್ರ ಬಡಿಸುವುದನ್ನು ನೋಡಿ, "ಅಕ್ಕಾ, ಹುಡುಗ ಸಿಕ್ಕ" ಎಂದು ಬರೆದವಳೂ ನೀನೇ. ಆದ್ದರಿಂದ ನನ್ನ ಪರವಾಗಿ ನೀನೇ ಕೊಡು. ಬೆಳ್ಳಿ ತಟ್ಟೆ ಮತ್ತು ದೀಪ ಹೇಮಾಳ ತಮ್ಮನ ಕೈಯಲ್ಲಿ ಕಳಿಸುತ್ತೇನೆ.

ವಿಜಯೇಂದ್ರ ಈಗ ನಿಮ್ಮೂರ ಹತ್ತಿರದ ಕಳಮೇಶ್ವರದ ಹೊಸ ರೈಲಿನ ಕಚೇರಿಗೆ ಮುಖ್ಯ ಅಧಿಕಾರಿಯಂತೆ. ಬಂಗಲೆ, ಕಾರು, ಬಾಗಿಲಲ್ಲಿ ಕಾವಲು. ಚಾರು ಬರೆದಿದ್ದಾಳೆ. ನನಗಂತೂ ಎದೆ ಉಬ್ಬಿತು. ನಿನಗೂ ಉಬ್ಬಿರಬೇಕಲ್ಲ, ಒಂದು ಮಾತೂ ಬರೆಯಲಿಲ್ಲವಲ್ಲ?

ವನಜಕ್ಕ


ಧರಮಪೇಠ, ನಾಗಪುರ
೨೬ ಏಪ್ರಿಲ್ ೨೦೨೬

ಅಕ್ಕನಿಗೆ ನಮಸ್ಕಾರ. ಸಾಷ್ಟಾಂಗ ಹಾಕಿದರೆ ಎಬ್ಬಿಸಲು ಇವರನ್ನು ಕರೆಯಬೇಕಾಗುತ್ತದೆ, ಅದಕ್ಕೇ ಕೂತಲ್ಲಿಂದಲೇ.

ಬಿಸಿಲು ಅಂದರೆ ಬಿಸಿಲು. ಕೂಲರಿಗೆ ನೀರು ತುಂಬುವುದೇ ಇವರಿಗೊಂದು ನೌಕರಿಯಾಗಿದೆ. ಆರ್ಡನೆನ್ಸ್ ಫ್ಯಾಕ್ಟರಿಯಲ್ಲಿ ಮದ್ದುಗುಂಡು ಎಣಿಸಿದ ಮನುಷ್ಯ ಈಗ ಬಕೆಟ್ಟು ಎತ್ತಿ "ಇದರಕಿಂತ ಅದಽ ಹಗುರಿತ್ತು" ಎಂದು ಗೊಣಗುತ್ತಾರೆ. ಸಂತರೆ ಹಣ್ಣಿನ ಕಾಲ ಮುಗಿಯಿತು. ಮಾವಿನಕಾಯಿ ಉಪ್ಪಿನಕಾಯಿ ಹಾಕಿದ್ದೇನೆ, ನಿನ್ನಷ್ಟು ಚೆನ್ನಾಗಿ ಬಂದಿಲ್ಲ. ಬರುವುದೂ ಬೇಡ, ನಿನಗೆ ಬೀಗಲು ಒಂದಿಷ್ಟು ಇರಲಿ.

ಅನಾರಸದ ದಾನ ಖಂಡಿತ ಕೊಡುತ್ತೇವೆ. ಅದನ್ನು ನೀನು ಕೇಳಬೇಕೆ?

ನನ್ನ ಸುದ್ದಿ ಎಂದರೆ ಒಂದು ಓಡಾಟ ಹಚ್ಚಿಕೊಂಡಿದ್ದೇನೆ. ನಾನು ಕಳಮೇಶ್ವರದ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಾಗ ನಿಕಿತಾ ಎಂಬ ಹುಡುಗಿ ಇದ್ದಳು, ಭಿನ್ನರಾಶಿ ಕಂಡರೆ ಅಳುತ್ತಿದ್ದಳು. ಈಗ ಅಲ್ಲಿಯ ಕೈಗಾರಿಕಾ ವಸಾಹತಿನಲ್ಲಿ ಪ್ಯಾಕಿಂಗ್ ಕೆಲಸ. ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗುವ ಟೆಂಪೊದಿಂದ ಹೋದ ವರ್ಷ ಬಿದ್ದು ಕಾಲು ಮುರಿದುಕೊಂಡಳು, ಇವತ್ತಿಗೂ ಕುಂಟುತ್ತಾಳೆ. ಅವರೆಲ್ಲ ಹೊಸ ಲಘು ರೈಲಿಗಾಗಿ ಕಾಯುತ್ತಿದ್ದರು. ಮೊದಲಿನ ನಕ್ಷೆಯಲ್ಲಿ ಕಾರ್ಖಾನೆಗಳ ಗೇಟಿನ ಎದುರಿಗೇ ನಿಲ್ದಾಣ ಇತ್ತು. ಈಗ ಅದನ್ನು ಎತ್ತಿ, ಮನೆಯೂ ಇಲ್ಲದ ಕಾರ್ಖಾನೆಯೂ ಇಲ್ಲದ ಬಯಲಿಗೆ ಒಯ್ದಿದ್ದಾರೆ. ಖರ್ಚು ಮಾತ್ರ ಎರಡೂವರೆ ಪಟ್ಟು ಆಗಿದೆ. ಆ ಬಯಲಿನ ಸುತ್ತ ಯಾರೋ ಮೊದಲೇ ಜಾಗ ಕೊಂಡಿಟ್ಟಿದ್ದಾರೆ ಎಂದು ಊರೆಲ್ಲ ಮಾತು. ದಿನಕ್ಕೆ ಅಲ್ಲಿ ಹತ್ತಿ ಇಳಿಯುವವರ ಸಂಖ್ಯೆ ಎಂದು ಕೊಟ್ಟಿರುವುದನ್ನು ನೋಡಿದರೆ ಕಳಮೇಶ್ವರದ ಹಾಲು ಕುಡಿಯುವ ಕೂಸೂ ದಿನಕ್ಕೆರಡು ಸಲ ಟಿಕೆಟ್ ತೆಗೆಸಬೇಕು.

ಜೂನ್ ಹತ್ತಕ್ಕೆ ಬಹಿರಂಗ ವಿಚಾರಣೆ ಇದೆ, ನಿವೃತ್ತ ನ್ಯಾಯಾಧೀಶರೊಬ್ಬರು ಕೂರುತ್ತಾರೆ. ಊರವರ ಅರ್ಜಿಯ ಮೇಲೆ ಮೊದಲ ಸಹಿ ನನ್ನದು. ಅಧಿಕಾರಿಗಳು ಎದುರಿಗೆ ಬಂದು ಉತ್ತರ ಕೊಡಬೇಕು.

ಚಾರುವಿನ ಮನೆಗೆ ಎರಡು ತಿಂಗಳಿಂದ ಹೋಗಿಲ್ಲ. ಬಿಸಿಲು ನೋಡು.

ನಿನ್ನ ವೇಣಿ


ಧಾರವಾಡ
೬ ಮೇ ೨೦೨೬

ಚಿ. ವೇಣಿಗೆ ಆಶೀರ್ವಾದ.

ಬಿಸಿಲಂತೆ ಬಿಸಿಲು. ಕಳಮೇಶ್ವರಕ್ಕೆ ಹೋಗುವಾಗ ಅಡ್ಡ ಬರದ ಬಿಸಿಲು ಚಾರುವಿನ ಮನೆಗೆ ಹೋಗುವಾಗ ಮಾತ್ರ ಅಡ್ಡ ಬರುತ್ತದೆಯೆ? ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಗೊತ್ತು. ಸಂಕ್ರಾಂತಿಗೆ ಅವಳು ನಿನಗೆ ಕೊಟ್ಟ ಸೀರೆ ಅವಳ ಅತ್ತೆಗೆ ಕೊಟ್ಟದ್ದಕ್ಕಿಂತ ತೆಳುವಿತ್ತು. ಅದಕ್ಕೇ ಮುನಿಸು. ಹುಚ್ಚಿ, ಹತ್ತಿರದವರಿಗೆ ತೆಳು ಸೀರೆ, ದೂರದವರಿಗೆ ದಪ್ಪ ಸೀರೆ. ಇದು ಲೋಕರೂಢಿ.

ಆ ಅರ್ಜಿಯ ಉಸಾಬರಿ ನಿನಗೇಕೆ? ನಿಕಿತಾ ಚಿಕ್ಕವಳು, ಬಾಯಿ ಇದೆ, ಅವಳೇ ಕೇಳಲಿ. ನಿನಗೆ ರಕ್ತದೊತ್ತಡ. ಇನ್ನೊಂದು ಮಾತು, ಅಧಿಕ ಮಾಸದಲ್ಲಿ ದಾನ ಕೊಡುವವರು ತಿಂಗಳು ಮುಗಿಯುವ ತನಕ ಯಾರಿಗೂ ಬಿರುಸು ಮಾತಾಡಬಾರದು, ದಾನ ತೆಗೆದುಕೊಂಡವರಿಗಂತೂ ಆಡಲೇಬಾರದು. ಫಲ ಹೋಗುತ್ತದೆ. ಹಿರಿಯರು ಹೇಳಿದ್ದು.

ಅಕ್ಕಿಯನ್ನು ಮೂರು ದಿನ ನೆನೆಸು, ದಿನಾ ನೀರು ಬದಲಿಸು. ನೆರಳಲ್ಲಿ ಆರಿಸು. ಬೆಲ್ಲ ಹೆಚ್ಚಾದರೆ ತುಪ್ಪದಲ್ಲಿ ಬಿಟ್ಟ ಕೂಡಲೇ ಬಿಚ್ಚಿಕೊಳ್ಳುತ್ತದೆ. ಅವಸರ ಮಾಡಬೇಡ, ನಿನ್ನ ಹುಟ್ಟುಗುಣ ಅವಸರ.

ವನಜಕ್ಕ


ನಾಗಪುರ
೨೦ ಮೇ ೨೦೨೬

ಅಕ್ಕಾ,

ನಮಸ್ಕಾರ, ಕ್ಷೇಮ ಎಲ್ಲ ಆಮೇಲೆ. ಸೀರೆಯ ಮಾತು ಓದಿ ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ನಿನ್ನಿಂದ ಮುಚ್ಚಿಟ್ಟು ಬರೆಯಲು ನನಗೆ ಬರುವುದಿಲ್ಲ. ಇನ್ನು ಆಗುವುದೂ ಇಲ್ಲ.

ವಿಚಾರಣೆಯಲ್ಲಿ ಉತ್ತರ ಕೊಡಬೇಕಾದ ಅಧಿಕಾರಿ ವಿಜಯೇಂದ್ರನೇ. ನಿಲ್ದಾಣವನ್ನು ಸರಿಸಿದ ಕಾಗದದ ಮೇಲೆ ಅವನ ಸಹಿ ಇದೆ. ನಾನು ಅರ್ಜಿಗೆ ಸಹಿ ಹಾಕಿದಾಗ ಅವನು ಇನ್ನೊಬ್ಬರ ಕೈಕೆಳಗಿದ್ದ, ಹಿಂದಿನವರು ನಿವೃತ್ತರಾಗಿ ಮಾರ್ಚಿನಲ್ಲಿ ಅವನೇ ಮುಖ್ಯನಾದ. ನೀನು "ಎದೆ ಉಬ್ಬಿತು" ಎಂದು ಬರೆದ ದಿನ ನನ್ನ ಎದೆ ಕುಸಿದಿತ್ತು.

ನಿನ್ನೆ ದಾನಕ್ಕೆ ಕರೆಯಲು ಅವರ ಮನೆಗೆ ಹೋಗಿದ್ದೆ. ನಿನ್ನ ಮೊಮ್ಮಗಳು ಸುಮೇಧಾ ಓಡಿ ಬಂದು ಕೊರಳಿಗೆ ಬಿದ್ದಳು. ಈ ವರ್ಷ ಹತ್ತನೆಯ ತರಗತಿ, ಎತ್ತರದಲ್ಲಿ ನನ್ನನ್ನು ಮೀರಿದ್ದಾಳೆ. ಚಾರು ನೀರು ತಂದಿಟ್ಟಳು, ಎದುರಿಗೆ ಕೂರಲಿಲ್ಲ. ನಾನು ತಿಥಿ ಹೇಳಿದೆ. ಅವಳು ಗೋಡೆ ನೋಡುತ್ತ, "ಮೌಶಿ, ಒಂದ ಕೈಯಾಗ ಅನಾರಸ, ಇನ್ನೊಂದ ಕೈಯಾಗ ಅರ್ಜಿ ಹಿಡಕೊಂಡು ಹೆಂಗ ಬರತೀರಿ ನೀವು?" ಎಂದಳು. ನೀರಿನ ಲೋಟ ಕೆಳಗಿಟ್ಟು ಎದ್ದು ಬಂದೆ.

ಈ ಹುಡುಗಿಗೆ ನಾನು ಜಡೆ ಹಾಕಿದ್ದೇನೆ ಅಕ್ಕ. ಟೈಫಾಯಿಡ್ ಆದಾಗ ರಾತ್ರಿಯೆಲ್ಲ ಹಣೆಗೆ ಒದ್ದೆ ಬಟ್ಟೆ ಇಟ್ಟಿದ್ದೇನೆ. ಅವಳ ಮನೆ ಮುರಿದರೆ ನಾನು ಬದುಕಿ ಏನು ಮಾಡಲಿ? ಇತ್ತ ನಿಕಿತಾ ಮತ್ತು ಅವಳ ಜೊತೆಯವರು ದಿನಾ ಅದೇ ಟೆಂಪೊದಲ್ಲಿ ಜೋತಾಡುತ್ತ ಹೋಗುತ್ತಾರೆ. ಅಳಿಯ ಎಂದು ನಾನು ಈಗ ಬಾಯಿ ಮುಚ್ಚಿದರೆ ಅವರ ಮುಖ ಹೇಗೆ ನೋಡಲಿ? ಅತ್ತ ದರಿ, ಇತ್ತ ಪುಲಿ.

ನೀನು ಬೇಡ ಎಂದರೆ ಸಹಿ ಹಿಂತೆಗೆದುಕೊಂಡು ಮನೆಯಲ್ಲಿ ಕೂರುತ್ತೇನೆ. ಅವನು ನಿನ್ನ ಅಳಿಯ. ನೀನು ಹೇಳಿದ್ದೇ ಆಗಲಿ. ಪತ್ರ ಮುಟ್ಟಿದ ದಿನವೇ ಉತ್ತರ ಹಾಕು.

ವೇಣಿ


ನಾಗಪುರ
೨ ಜೂನ್ ೨೦೨೬

ಅಕ್ಕಾ,

ನಿನ್ನ ಪತ್ರ ಬರಲಿಲ್ಲ. ಅಂಚೆಯವನನ್ನು ಕೇಳಿ ಕೇಳಿ ಅವನೀಗ ನಮ್ಮ ಗೇಟು ಕಂಡರೆ ಸೈಕಲ್ ಜೋರು ಮಾಡುತ್ತಾನೆ. ಹೇಮಾಳಿಗೆ ಫೋನ್ ಮಾಡಿದರೆ "ಅತ್ತಿಯವರು ಆರಾಮ ಇದ್ದಾರ್ರಿ, ಬರೀಲಿಕ್ಕೆ ಹತ್ಯಾರ್ರಿ" ಎಂದಷ್ಟೇ ಹೇಳುತ್ತಾಳೆ. ಏನು ಬರೆಯುತ್ತಿದ್ದೀ ಇಷ್ಟು ದಿನ? ಪುರಾಣವೆ?

ಮೊದಲ ಸಲ ಕರಿದ ಅನಾರಸ ಒಂದೂ ಉಳಿಯಲಿಲ್ಲ, ಎಲ್ಲ ತುಪ್ಪದಲ್ಲಿ ಬಿಚ್ಚಿಕೊಂಡವು. ಇಲ್ಲಿಯ ಮರಾಠಿ ಜನ ಅದಕ್ಕೆ ಅನಾರಸ ನಕ್ಕವು ಅನ್ನುತ್ತಾರೆ. ಇವರು ಬಾಣಲೆಯಲ್ಲಿ ಇಣುಕಿ, "ನಗೂದಲ್ಲ, ಬಿದ್ದ ಬಿದ್ದ ನಗಲಿಕ್ಕೆ ಹತ್ಯಾವ" ಎಂದರು. ನನಗೆ ಸಿಟ್ಟು ಬಂದು ಜಾಲರಿ ಸೌಟು ಎಸೆದೆ. ಆಮೇಲೆ ಇಬ್ಬರೂ ಚಮಚದಲ್ಲಿ ಅದನ್ನೇ ತಿಂದೆವು.

ವಿಜಯೇಂದ್ರ ನಮ್ಮ ಮನೆಗೆ ಬರಲು ಪುರಸೊತ್ತಿಲ್ಲ ಎನ್ನುತ್ತಿದ್ದಾನೆ. ಭಾನುವಾರ ನಾವೇ ತಟ್ಟೆ ತೆಗೆದುಕೊಂಡು ಅವರಲ್ಲಿಗೆ ಹೋಗುತ್ತೇವೆ. ನೀನು ಸಿಟ್ಟಾಗಿದ್ದರೆ ಸಿಟ್ಟಾಗಿದ್ದೇನೆ ಎಂದಾದರೂ ಬರೆ. ಸುಮ್ಮನಿರಬೇಡ. ನಿನ್ನ ಬೈಗುಳ ತಡೆದೇನು, ಇದನ್ನು ತಡೆಯಲಾರೆ.

ವೇಣಿ


ನಾಗಪುರ
೮ ಜೂನ್ ೨೦೨೬

ಅಕ್ಕಾ,

ನಿನಗೆ ಹೇಗೆ ಹೇಳಲಿ, ದಾನ ವಾಪಸು ಬಂತು.

ನಿನ್ನೆ ಬೆಳಿಗ್ಗೆ ಸ್ನಾನ ಮಾಡಿ, ಮಡಿಯುಟ್ಟು, ಮೂವತ್ತಮೂರು ಅನಾರಸ ಜೋಡಿಸಿ ನಾನೂ ಇವರೂ ಆಟೊದಲ್ಲಿ ಹೋದೆವು. ಬೆಳ್ಳಿ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡಿದ್ದೆ. ಬಾಗಿಲಲ್ಲಿ ಕಾವಲಿನವನು ಎದ್ದು ಸಲಾಮು ಹೊಡೆದು ತಟ್ಟೆಯನ್ನೇ ನೋಡಿದ. ನನಗೆ ಆಗಲೂ ಹೊಳೆಯಲಿಲ್ಲ.

ವಿಜಯೇಂದ್ರ ಬಂದು ನಮ್ಮಿಬ್ಬರ ಕಾಲಿಗೆ ನಮಸ್ಕಾರ ಮಾಡಿದ. ಬಡವಾಗಿದ್ದಾನೆ. ಚಾರು ಮಣೆ ಹಾಕಿ ರಂಗೋಲಿ ಬರೆದಿದ್ದಳು. ಅವನು ಮಣೆಯ ಹತ್ತಿರ ಬಂದು ನಿಂತವನು ಕೂರಲೇ ಇಲ್ಲ.

"ಸಿಟ್ಟಾಗಬ್ಯಾಡ್ರಿ ಮೌಶಿ. ಬುಧವಾರ ನೀವು ಕೇಳವರು, ನಾ ಉತ್ತರಾ ಕೊಡಾಂವ. ನಿಮ್ಮ ಕೈಯಿಂದ ಬೆಳ್ಳಿ ತಟ್ಟಿ ತೊಗೊಂಡು ನಿಮ್ಮ ಮುಂದ ಹೆಂಗ ನಿಂದರಲಿ? ನಾಳೆ ಯಾರರೆ ಇದಕ್ಕ ಲಂಚ ಅಂದ್ರ ನಿಮ್ಮ ಹೆಸರೂ ಕೆಡತದ."

ಲಂಚ! ಅಕ್ಕ, ಅಷ್ಟು ವರ್ಷ ಮಕ್ಕಳ ತಪ್ಪು ಹುಡುಕಿದ ನನಗೆ ಇದು ತಲೆಗೇ ಬಂದಿರಲಿಲ್ಲ. ಇವರಿಗೂ ಬರಲಿಲ್ಲ. ನಮ್ಮ ಕಣ್ಣಿಗೆ ಅದು ಅನಾರಸ, ದೀಪ, ನಾರಾಯಣ. ಕಾವಲಿನವನ ಕಣ್ಣಿಗೆ, ಅರ್ಜಿ ಹಾಕಿದ ಮುದುಕಿ ಸಾಹೇಬರ ಮನೆಗೆ ಬೆಳ್ಳಿ ತಂದಳು. ಮುಖಕ್ಕೆ ಹೊಡೆದ ಹಾಗಾಯಿತು.

ಚಾರು ಅಳಲು ಸುರು ಮಾಡಿದಳು. ಅಧಿಕ ಮಾಸದ ದಾನ ತಿರುಗಿ ಹೋದರೆ ಮನೆಗೆ ಒಳ್ಳೆಯದಲ್ಲ ಎಂದು ಅವಳ ಹೆದರಿಕೆ. "ನೀವು ಆ ಅರ್ಜಿ ಬಿಟ್ಟಿದ್ರ ಇದೆಲ್ಲಾ ಆಗತಿತ್ತೇನು ಮೌಶಿ? ಊರಿಗೆ ಉಪಕಾರಿ, ಮನಿಗೆ ಮಾರಿ!" ಎಂದಳು. ಇವರು ತಡೆಯಲು ಹೋದರು. ನಾನೇ ಬೇಡವೆಂದೆ. ಅಂದದ್ದು ನನ್ನ ಕೂಸು, ಅನ್ನಿಸಿಕೊಂಡರೆ ಏನಾಯಿತು?

ತಟ್ಟೆ ಹೊತ್ತು ಮನೆಗೆ ಬಂದೆವು. ಆಟೊದಲ್ಲಿ ಇವರು, "ಹುಡುಗ ಛಲೋ ಇದ್ದಾನ" ಎಂದರು. ನನಗೂ ಅದೇ ಅನ್ನಿಸಿತ್ತು. ಆದರೆ ಅದರ ಹಿಂದೆಯೇ ಇನ್ನೊಂದು ಅನ್ನಿಸಿತು, ಅದೇ ನಿದ್ದೆ ಕೆಡಿಸಿದೆ. ಅತ್ತೆಯ ಮನೆಯ ಬೆಳ್ಳಿ ತಟ್ಟೆಯನ್ನೂ ಮುಟ್ಟದವನು ಆ ಕಾಗದಕ್ಕೆ ಸಹಿ ಏಕೆ ಹಾಕಿದ? ಅವನು ಕಳ್ಳನಾಗಿದ್ದರೆ ಕೇಳದೆ ಬಿಡಬಹುದಿತ್ತು, ಉತ್ತರ ಗೊತ್ತೇ ಇರುತ್ತಿತ್ತು. ಕಳ್ಳನಲ್ಲ, ಅದಕ್ಕೇ ಕೇಳಬೇಕು.

ನಾಳಿದ್ದು ಹೋಗುತ್ತೇನೆ ಅಕ್ಕ. ನಿನ್ನ ಉತ್ತರ ಬರಲಿಲ್ಲ. ಬೇಡ ಎನ್ನುತ್ತಿದ್ದೀಯೆಂದೇ ತಿಳಿದಿದ್ದೇನೆ. ಕ್ಷಮಿಸು ಎನ್ನಲು ಬಾಯಿ ಬರುತ್ತಿಲ್ಲ, ಏಕೆಂದರೆ ತಿಳಿದೇ ಮಾಡುತ್ತಿದ್ದೇನೆ.

ವೇಣಿ


ಧಾರವಾಡ
೯ ಜೂನ್ ೨೦೨೬

ವೇಣಿ,

ಮೂರು ಸಲ ಬರೆದು ಹರಿದು ಹಾಕಿದೆ. ಇದು ನಾಲ್ಕನೆಯದು. ಈಗಲೇ ಹೇಮಾಳ ಕೈಗೆ ಕೊಟ್ಟುಬಿಡುತ್ತೇನೆ.

ನಾನು ಕಿವುಡಿ, ಕುರುಡಿ ಅಲ್ಲ. ನೀನು ಕೇಳಬೇಕಾದವನು ವಿಜಯೇಂದ್ರ ಎಂದು ನನಗೆ ಮಾರ್ಚಿನಲ್ಲೇ ಗೊತ್ತಿತ್ತು. ಚಾರು ಬರೆದಿದ್ದಳು, "ಅಮ್ಮಾ, ಮೌಶಿಯನ್ನು ನೀನೇ ತಡೆಯಬೇಕು" ಎಂದು. ಹೇಗೆ ತಡೆಯಲಿ? ನೀನು ಹೇಳಿದ್ದು ಕೇಳುವ ಜಾತಿಯಲ್ಲ. ಅದಕ್ಕೇ ಅನಾರಸದ ಹಗ್ಗ ಹಾಕಿದೆ. ನಾರಾಯಣ ಎಂದು ಆರತಿ ಎತ್ತಿದ ಕೈಯಿಂದ ಅವನತ್ತ ಬೆರಳು ತೋರಿಸಲಾರಳು ಎಂದುಕೊಂಡೆ. ಬಿರುಸು ಮಾತಾಡಬಾರದು ಎಂದು ಹಿರಿಯರು ಹೇಳಿದ್ದಾರೆ ಎಂದೆನಲ್ಲ, ಯಾವ ಹಿರಿಯರೂ ಹೇಳಿಲ್ಲ. ನಾನೇ ಹಿರಿಯಳು, ನಾನೇ ಹೇಳಿದೆ. ಸೀರೆಯ ಮುನಿಸೂ ನಾನು ಕಟ್ಟಿದ ಕತೆ.

ನಿನ್ನ ಮೇ ಇಪ್ಪತ್ತರ ಪತ್ರ ಬಂದಾಗ ನಾಚಿಕೆಯಾಯಿತು. ನೀನು ಎಲ್ಲ ಬಿಚ್ಚಿಟ್ಟು ನನ್ನ ಕೈಗೇ ಕೊಟ್ಟುಬಿಟ್ಟೆ. ಬೇಡ ಎಂದು ಬರೆದರೆ ನೀನು ನಿಜಕ್ಕೂ ಕೂತುಬಿಡುತ್ತೀ ಎಂದು ಗೊತ್ತಾಯಿತು. ಬರೆದೆ. ಹರಿದೆ.

ಒಂದು ಮಾತು ಯೋಚಿಸಿದೆ ವೇಣಿ. ಆ ಹುಡುಗನಿಗೆ ಹೂರಣ ಇಷ್ಟ, ಬದನೆಕಾಯಿ ಆಗದು, ಎಲ್ಲ ಬಲ್ಲೆ. ಮದುವೆಯಾದಂದಿನಿಂದ ಮಣೆ ಹಾಕಿ ಬಡಿಸುತ್ತಲೇ ಬಂದೆ, "ಏನಪ್ಪಾ, ಕೆಲಸ ಹೇಗಿದೆ, ಮನಸ್ಸು ಹೇಗಿದೆ" ಎಂದು ಒಂದು ದಿನ ಕೇಳಲಿಲ್ಲ. ಅಳಿಯನನ್ನು ಕೇಳಬಾರದಲ್ಲ! ಹೊರಗಿನವರು ಕೇಳಿದರೆ ಅವನನ್ನು ಹರಿದು ತಿನ್ನಲು ಕೇಳುತ್ತಾರೆ. ನೀನು ಕೇಳಿದರೆ ಅವನಿಗೆ ನಿಜ ಹೇಳಲು ಒಂದಿಷ್ಟು ನೆಲವಾದರೂ ಸಿಕ್ಕೀತು. ಕೇಳು. ಬಿರುಸಾಗಿಯೇ ಕೇಳು. ಆದರೆ ಪ್ರೀತಿ ಬಿಟ್ಟು ಕೇಳಬೇಡ.

ಇದು ನಾಳೆಯೊಳಗೆ ನಿನಗೆ ಮುಟ್ಟುವುದಿಲ್ಲ. ಹೇಮಾ "ಫೋಟೊ ತೆಗೆದು ಈಗಲೇ ಕಳಸ್ಲೇನ್ರಿ" ಎಂದು ಸನ್ನೆ ಮಾಡಿದಳು. ಬೇಡವೆಂದೆ. ನನ್ನ ಅಪ್ಪಣೆ ಸಿಕ್ಕಿ ನೀನು ಕೇಳಿದರೆ ಅದು ನನ್ನ ಮಾತಾಗುತ್ತದೆ. ಸಿಗದೆ ಕೇಳಿದರೆ ನಿನ್ನದು. ನೀನು ಕೇಳೇ ಕೇಳುತ್ತೀ ಎಂದು ನನಗೆ ಗೊತ್ತು. ಎಷ್ಟಾದರೂ ಅಕ್ಷರ ತಿದ್ದಿಸಿದವಳಲ್ಲವೆ?

ಅಕ್ಕ


ನಾಗಪುರ
೧೧ ಜೂನ್ ೨೦೨೬

ಅಕ್ಕಾ,

ಕೇಳಿದೆ. ಬೈಯುವುದಿದ್ದರೆ ಪೂರ್ತಿ ಓದಿ ಬೈ.

ಕಳಮೇಶ್ವರದ ಸಭಾಂಗಣ ತುಂಬಿತ್ತು. ಹೆಣ್ಣುಮಕ್ಕಳು ಅರ್ಧ ದಿನದ ಪಗಾರ ಬಿಟ್ಟು ಬಂದಿದ್ದರು. ವೇದಿಕೆಯ ಮೇಲೆ ವಿಜಯೇಂದ್ರ, ಅವನ ಅಕ್ಕಪಕ್ಕ ಇನ್ನಷ್ಟು ಸಾಹೇಬರು. ಕೊನೆಯ ಸಾಲಿನಲ್ಲಿ ಕಂಬದ ಮರೆಗೆ ಚಾರು ಕೂತಿದ್ದಳು. ಬರುತ್ತಾಳೆಂದು ಎಣಿಸಿರಲಿಲ್ಲ.

ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ತೋರಿಸಿದರು. ಬಯಲಲ್ಲಿ ಗಾಜಿನ ಮಾಡಿನ ನಿಲ್ದಾಣ, ಮರ, ನಗುವ ಜನ. ನಮ್ಮ ಸರದಿ ಬಂದಾಗ ನಿಕಿತಾ ಎದ್ದಳು. ನನ್ನತ್ತ ತಿರುಗಿ "ಬಾಯಿ, ತುಮ್ಹೀಚ್ ವಿಚಾರಾ" ಎಂದಳು. ಇಲ್ಲಿ ಟೀಚರಿಗೆ ಬಾಯಿ ಅನ್ನುತ್ತಾರೆ, ನಿನಗೆ ಗೊತ್ತಲ್ಲ. ನೀವೇ ಕೇಳಿ ಎಂದು ಕೂತುಬಿಟ್ಟಳು.

ಎದ್ದೆ. ಮೊದಲು ನ್ಯಾಯಾಧೀಶರಿಗೆ, "ಈ ಅಧಿಕಾರಿ ನನ್ನ ಅಕ್ಕನ ಅಳಿಯ, ಎಂದರೆ ನನ್ನ ಅಳಿಯ. ನಾಳೆ ಯಾರೂ ಮುಚ್ಚಿಟ್ಟಳೆನ್ನಬಾರದು" ಎಂದೆ. ಸಭೆಯಲ್ಲಿ ಗುಜುಗುಜು. ಹಾಗಾದರೆ ಬೇರೆಯವರು ಕೇಳಲಿ ಎಂದರು ಅವರು. "ಬೇಡ, ಅಳಿಯನಿಗೆ ಕಷ್ಟದ ಪ್ರಶ್ನೆ ಕೇಳಲು ಅತ್ತೆಯೇ ಸರಿ" ಎಂದೆ. ಹೆಂಗಸರೆಲ್ಲ ನಕ್ಕರು. ವಿಜಯೇಂದ್ರನೂ ತುಸು ನಕ್ಕ.

ಆಮೇಲೆ ಕೇಳಿದೆ. "ಆ ಬಯಲಲ್ಲಿ ದಿನಕ್ಕೆ ಇಷ್ಟು ಜನ ಹತ್ತಿ ಇಳಿಯುತ್ತಾರೆ ಎಂದು ಬರೆದಿದ್ದೀರಿ. ನಾನು ಗಣಿತದವಳು. ಬರೀ ಉತ್ತರ ಬರೆದವರಿಗೆ ನಾನು ಎಂದೂ ಅಂಕ ಕೊಟ್ಟಿಲ್ಲ. ಬಿಡಿಸಿದ ಕ್ರಮ ತೋರಿಸಿ. ಎಲ್ಲಿ ಎಣಿಸಿದಿರಿ, ಯಾರನ್ನು ಎಣಿಸಿದಿರಿ?"

ಅವನ ಕೈಯಲ್ಲಿ ಬರೆದುಕೊಟ್ಟ ಉತ್ತರ ಇತ್ತು. ಓದಲು ಕನ್ನಡಕ ಹಾಕಿದ. ಮತ್ತೆ ತೆಗೆದ. ಆ ಹಾಳೆಯನ್ನು ಮಡಚಿ ಮೇಜಿನ ಮೇಲಿಟ್ಟ. ನಾನು ಮನಸ್ಸಿನಲ್ಲೇ, ಹೇಳು ಮಗನೆ, ಹೇಳಿಬಿಡು, ಎನ್ನುತ್ತಿದ್ದೆ. ಅವನು ಮರಾಠಿಯಲ್ಲಿ ಮೆಲ್ಲಗೆ ಹೇಳಿದ, "ಕ್ರಮ ಇಲ್ಲ. ಯಾರೂ ಎಣಿಸಿಲ್ಲ. ಜಾಗ ಮೊದಲು ಗೊತ್ತಾಯಿತು. ಅದಕ್ಕೆ ಹೊಂದುವ ಸಂಖ್ಯೆ ತನ್ನಿ ಎಂದರು. ಅದು ತಪ್ಪು ಎಂದು ಗೊತ್ತಿದ್ದೂ ನಾನು ಸಹಿ ಹಾಕಿದೆ." ಪಕ್ಕದವರು ಅಂಗಿ ಜಗ್ಗಿದರು. ಅವನು ಕೂರಲಿಲ್ಲ. ಯಾರು ಹೇಳಿದರು ಎಂದು ನ್ಯಾಯಾಧೀಶರು ಕೇಳಿದರು. ಹೆಸರುಗಳನ್ನೂ ಹೇಳಿದ. ಅವು ಈ ಪತ್ರದಲ್ಲಿ ಬೇಡ.

ಬಯಲಿನ ಕೆಲಸ ನಿಲ್ಲಿಸಿ, ಕಾರ್ಖಾನೆ ಗೇಟಿನಲ್ಲಿ ಜನರನ್ನು ನಿಜಕ್ಕೂ ಎಣಿಸಿ ತನ್ನಿ, ಹೆಸರು ಬಂದವರೆಲ್ಲ ಬಂದು ಉತ್ತರ ಕೊಡಲಿ ಎಂದು ಆಜ್ಞೆ ಆಯಿತು. ಹೆಂಗಸರು ಚಪ್ಪಾಳೆ ಹೊಡೆದರು, ನಿಕಿತಾ ನನ್ನನ್ನು ತಬ್ಬಿಕೊಂಡಳು. ನಾನು ಕಂಬದ ಕಡೆ ನೋಡಿದೆ. ಚಾರು ಎದ್ದು ಹೋಗಿದ್ದಳು.

ಗೆದ್ದೆವು ಅಕ್ಕ. ಮನೆಗೆ ಬಂದು ಅಡುಗೆಮನೆಯಲ್ಲಿ ಕೂತು ಅತ್ತೆ.

ವೇಣಿ


ನಾಗಪುರ
೧೫ ಜೂನ್ ೨೦೨೬

ಪ್ರೀತಿಯ ಕಳ್ಳ ಅಕ್ಕನಿಗೆ,

ನಿನ್ನ ಪತ್ರ ಶನಿವಾರ ಬಂತು. ಮೊದಲು ಸಿಟ್ಟು ಬಂತು, ಅನಾರಸದ ಹಗ್ಗ ಹಾಕಿದಳಲ್ಲ ನನಗೆ ಎಂದು! ಆಮೇಲೆ ಇವರಿಗೆ ಓದಿ ಹೇಳುತ್ತ ನಡುವೆಯೇ ಪತ್ರವನ್ನು ಇವರ ಕೈಗಿಟ್ಟೆ, ಉಳಿದರ್ಧ ಇವರೇ ಓದಿದರು. ಹತ್ತನೇ ತಾರೀಖಿಗೆ ಮೊದಲು ಬಂದಿದ್ದರೆ ಎಷ್ಟು ಹಗುರಾಗುತ್ತಿತ್ತು. ಬರದಿದ್ದದ್ದೇ ಸರಿ. ನೀನು ಯಾವಾಗಲೂ ಸರಿಯೇ, ಹಾಳಾದವಳೆ.

ನಿನ್ನೆ ಭಾನುವಾರ ವಿಜಯೇಂದ್ರ ಬಂದ. ಒಬ್ಬನೇ, ಆಟೊದಲ್ಲಿ. ಕಾರು ಹಿಂದಕ್ಕೆ ತೆಗೆದುಕೊಂಡಿದ್ದಾರೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ಮೌಶಿ, ಅಧಿಕ ಮಾಸ ಇನ್ನೂ ಒಂದ ದಿನಾ ಅದ. ನಿನ್ನೆ ಆ ಖುರ್ಚಿ ಹೋತು. ಈಗ ನಾ ಬರೇ ಅಳಿಯಾ. ಕೊಡ್ರಿ" ಎಂದ.

ಮಣೆ ಹಾಕಿದೆವು. ಕೂರಿಸಿ ದಾನ ಕೊಟ್ಟೆವು, ನಿನ್ನ ಹೆಸರು ಹೇಳಿ. ವಾರದ ಅನಾರಸ, ಕಲ್ಲಾಗಿದ್ದವು. ಒಂದನ್ನು ಕಡಿದು, "ನಿಮ್ಮ ಪ್ರಶ್ನಿ ಇದಕಿಂತಾ ಮೆತ್ತಗಿತ್ತು" ಎಂದ. ಇವರು ಕುಲುಕುಲು ನಕ್ಕರು. ನಾನು ಆರತಿ ಎತ್ತುವಾಗ ಅವನ ಮುಖ ನೋಡಲಾಗಲಿಲ್ಲ.

ಅವನನ್ನು ಚಂದ್ರಪುರದ ಆಚೆ ಯಾವುದೋ ಗೋದಾಮಿನ ಉಸ್ತುವಾರಿಗೆ ಹಾಕಿದ್ದಾರೆ. ತಿಂಗಳ ಕೊನೆಗೆ ಬಂಗಲೆ ಬಿಡಬೇಕು. "ಚಾರು?" ಎಂದೆ. ತಲೆ ಅಲ್ಲಾಡಿಸಿದ ಅಷ್ಟೇ. ತಟ್ಟೆಯನ್ನು ಅವನು ಒಯ್ದ. ಅವಳು ಅದನ್ನು ಒಳಗೆ ಇಟ್ಟುಕೊಂಡಳೋ ಇಲ್ಲವೋ ಗೊತ್ತಿಲ್ಲ.

ವೇಣಿ


ಧಾರವಾಡ
೨೨ ಜೂನ್ ೨೦೨೬

ಚಿ. ವೇಣಿಗೆ ಆಶೀರ್ವಾದ, ಈ ಸಲ ಬೈಗುಳವಿಲ್ಲ.

ಅಂಚೆಗೆ ಕಾಯಲು ಪುರಸೊತ್ತಿಲ್ಲವೆಂದು ಹೇಮಾಳ ಫೋನಿನಲ್ಲೇ ಚಾರುವಿಗೆ ಬರೆಸಿದ್ದೇನೆ. ಸುಮೇಧಾಳ ಹತ್ತನೆಯ ತರಗತಿ, ಶಾಲೆ ಬಿಡಿಸುವ ಹಾಗಿಲ್ಲ. ವಿಜಯೇಂದ್ರ ಅಲ್ಲಿಗೆ ಒಬ್ಬನೇ ಹೋಗಲಿ, ನೀನು ಮಗಳ ಜೊತೆ ವರ್ಷ ಮುಗಿಯುವ ತನಕ ಮೌಶಿಯ ಮನೆಯಲ್ಲಿರು ಎಂದೆ. ಬೇರೆ ಬಾಡಿಗೆ ಮನೆ ನೋಡುತ್ತೇನೆ ಎಂದು ಒಂದೇ ಸಾಲಿನ ಉತ್ತರ ಹಾಕಿದಳು. ನಾನೂ ಒಂದೇ ಸಾಲು ಬರೆದೆ: ಹಾಗಾದರೆ ನಿನ್ನ ತಾಯಿ ಕಿವುಡಿ, ನಿನ್ನ ಮಾತು ಕೇಳಿಸಲಿಲ್ಲ.

ಬರುತ್ತಾಳೆ. ಸಿಟ್ಟಿನಲ್ಲೇ ಬರುತ್ತಾಳೆ. ನಿನ್ನ ಜೊತೆ ಮಾತಾಡಲಿಕ್ಕಿಲ್ಲ. ಅವಳು ಕಾಲೇಜಿನಲ್ಲಿದ್ದಾಗ ಇದ್ದ ಕೋಣೆಯನ್ನೇ ಕೊಡು. ಸಮಾಧಾನ ಹೇಳಬೇಡ, ಲೋಕಹಿತ ಹೇಳಬೇಡ, ನಿನ್ನದು ಸರಿ ಎಂದು ಸಾಧಿಸಬೇಡ. ಅಡುಗೆ ಮಾಡಿ ಬಡಿಸು. ನಿನಗೆ ಕೇಳಲು ಬರುತ್ತದೆ ಎಂದು ಊರಿಗೆಲ್ಲ ಗೊತ್ತಾಯಿತು, ಈಗ ಕೇಳದೆ ಇರಲು ಬರುತ್ತದೆಯೇ ನೋಡೋಣ.

ವನಜಕ್ಕ


ನಾಗಪುರ
೯ ಜುಲೈ ೨೦೨೬

ಅಕ್ಕಾ,

ಮಳೆ ಬಂದಿದೆ. ಕೂಲರಿಗೆ ರಜೆ, ಇವರು ನೌಕರಿ ಹೋದವರಂತೆ ವರಾಂಡದಲ್ಲಿ ಕೂತಿರುತ್ತಾರೆ. ಕಾರ್ಖಾನೆ ಗೇಟಿನಲ್ಲಿ ಎಣಿಕೆ ಸುರುವಾಗಿದೆ. ಎಣಿಸುವವರು ಸರಿಯಾಗಿ ಎಣಿಸುತ್ತಾರೋ ಇಲ್ಲವೋ ಎಂದು ನಿಕಿತಾ ಸ್ಟೂಲು ಹಾಕಿಕೊಂಡು ಅವರ ಪಕ್ಕದಲ್ಲೇ ಕೂರುತ್ತಾಳಂತೆ. ಟೆಂಪೊ ಮಾತ್ರ ಅದೇ ಟೆಂಪೊ.

ಚಾರು ಬಂದು ಹತ್ತು ದಿನವಾಯಿತು. ಇಷ್ಟು ದಿನ ಬರೆಯಲಿಲ್ಲ, ಬರೆಯಲು ಏನೂ ಇರಲಿಲ್ಲ. ಅವಳು ಉಣ್ಣುತ್ತಿದ್ದಳು, ತಟ್ಟೆ ತೊಳೆದಿಡುತ್ತಿದ್ದಳು, ಕೋಣೆಗೆ ಹೋಗುತ್ತಿದ್ದಳು. ನನ್ನ ಹತ್ತಿರ ಒಂದು ಮಾತಿಲ್ಲ. ಸುಮೇಧಾ ನನ್ನ ಕಿವಿಯಲ್ಲಿ, "ಅಜ್ಜಿ, ಅಮ್ಮ ಇನ್ನೂ ಸಿಟ್ಟಿನ್ಯಾಗ ಇದ್ದಾಳ, ಟೆನ್ಶನ್ ನಕೋ" ಎಂದು ಸಮಾಧಾನ ಮಾಡಿದಳು. ನಾನು ಏನೂ ಕೇಳಲಿಲ್ಲ ಅಕ್ಕ. ಎಷ್ಟು ಕಷ್ಟವಾಯಿತೆಂದು ನಿನಗೆ ಗೊತ್ತಿಲ್ಲ. ಆ ಸಭೆಯಲ್ಲಿ ಕೇಳುವುದು ಇದಕ್ಕಿಂತ ಸುಲಭವಿತ್ತು.

ಇವತ್ತು ಬೆಳಿಗ್ಗೆ ನಾನು ಮೆಂತ್ಯಪಲ್ಲೆ ಸೋಸುತ್ತ ಕೂತಿದ್ದೆ. ಬಂದು ಎದುರಿಗೆ ಕೂತಳು. ಒಂದು ಕಟ್ಟು ತನ್ನ ಕಡೆ ಎಳೆದುಕೊಂಡು ಅವಳೂ ಸೋಸತೊಡಗಿದಳು. ನಾನು ಎಲೆ ಕೀಳುತ್ತಲೇ ಇದ್ದೆ.

"ಅವರ ಫೋನ್ ಬಂದಿತ್ತು" ಎಂದಳು.

"ಹೂಂ" ಎಂದೆ.

"ಅಲ್ಲೆ ಖೋಲಿ ಸಣ್ಣದದ ಅಂತ. ಮಳಿ ಬಂದ್ರ ಸೋರತದ ಅಂತ."

"ಹೂಂ."

ಅವಳ ಕೈ ನಿಂತಿತು. ತಲೆ ಎತ್ತಲಿಲ್ಲ. "ಆದ್ರೂ ಅಲ್ಲೆ ಹ್ವಾದಾಗಿಂದ ಬೆಳಗಿನತನಕಾ ನಿದ್ದಿ ಹತ್ತೇದಂತ, ಮೌಶಿ. ಎರಡ ವರ್ಷ ಆತು, ಅವರು ಮಲಗಿದ್ದು ನಾ ನೋಡಿದ್ದಿಲ್ಲ. ರಾತ್ರಿ ಎದ್ದು ಕೂಡತಿದ್ರು. ಏನಂತ ನಾ ಒಮ್ಮೆನೂ ಕೇಳಲಿಲ್ಲ. ಕೇಳಲಿಕ್ಕೆ ಅಂಜಿಕಿ ಬರತಿತ್ತು."

ಅಷ್ಟು ಹೇಳಿ ಸೊಪ್ಪಿನ ಮೇಲೆಯೇ ಅತ್ತಳು. ಮೊಣಕಾಲು ಏಳಲು ಬಿಡಲಿಲ್ಲ, ನಾನೇ ಕೂತಲ್ಲಿಂದ ಸರಿದು ಸರಿದು ಅವಳ ಹತ್ತಿರ ಹೋದೆ. ತಲೆಯನ್ನು ನನ್ನ ಮಡಿಲಲ್ಲಿ ಇಟ್ಟಳು. ಕೂದಲಲ್ಲಿ ಬಿಳಿ ಬಂದಿದೆ, ನಾನು ನೋಡಿರಲೇ ಇಲ್ಲ.

ಇನ್ನೂ ಬರೆಯಬೇಕೆಂದಿದ್ದೆ. ಅವಳು ಒಗ್ಗರಣೆಗೆ ಇಟ್ಟು "ಮೌಶೀ, ಹಿಂಗಿನ ಡಬ್ಬಿ ಎಲ್ಲೆದರಿ?" ಎಂದು ಒಳಗಿನಿಂದ ಕೂಗುತ್ತಿದ್ದಾಳೆ. ಹೋಗುತ್ತೇನೆ.

ನಿನ್ನ ವೇಣಿ